ಕೊರಳೆಣಿಸುವ ಕಂಬ

ಕಂಬ ಮೊದಲ ಸಲ ಕೆಲಸ ಮಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷೆಗೆಂದು ಕರೆಸಿದ್ದ ಐವತ್ತು ಜನ ಹುಬ್ಬಳ್ಳಿಯ ಸಭಾಂಗಣದೆದುರಿನ ಮೈದಾನದಲ್ಲಿ ನಿಂತು ಒಕ್ಕೊರಲಿನಿಂದ ‘ಧಿಕ್ಕಾರ’ ಎಂದದ್ದೇ ತಡ, ಕುಡಿದವರ ಹಾಗೆ ತೂರಾಡಿ ನೆಲಕ್ಕೆ ಬಿದ್ದರು. ಅರ್ಧ ನಿಮಿಷದಲ್ಲಿ ಮೈ ಕೊಡವಿಕೊಂಡು ಎದ್ದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಷ್ಟು ಸಭ್ಯವಾದ ಹೊಡೆತವನ್ನು ಲೋಕ ಕಂಡಿರಲಿಲ್ಲ ಬಿಡಿ!

ಅದು ೨೦೬೩ನೆಯ ಇಸವಿ. ಮೂವತ್ತು ದೇಶಗಳ ಆರ್ಥಿಕ ಶೃಂಗಸಭೆಗೆ ನಾಲ್ಕೇ ದಿನ ಉಳಿದಿತ್ತು. ಪ್ರತಿಭಟಿಸಲು ಬಂದವರು ಆಗಲೇ ಮೈದಾನದ ಬೇಲಿಯಾಚೆ ಬೀಡುಬಿಟ್ಟಿದ್ದರು. ಕಂಬವನ್ನು ರೂಪಿಸಿದ ಡಾ. ಶಾಂಭವಿ ಕುಸುಗಲ್ ಅವರ ತತ್ವ ಸರಳ: ನಾಲ್ಕಕ್ಕಿಂತ ಹೆಚ್ಚು ಕೊರಳು ಒಂದೇ ಲಯದಲ್ಲಿ ಏರಿದರೆ ಅದು ಘೋಷಣೆ. ಕೂಡಲೇ ಕಂಬ ಕಿವಿಗೆ ಕೇಳಿಸದ ಧ್ವನಿತರಂಗವನ್ನು ಅತ್ತ ಎಸೆಯುತ್ತದೆ; ಒಳಗಿವಿಯಲ್ಲಿ ಮೈಯ ಸಮತೋಲ ಕಾಯುವ ದ್ರವ ಕದಡಿ ಮನುಷ್ಯ ಕುಸಿಯುತ್ತಾನೆ. ಜನರನ್ನು ಗುಂಡೇಟಿನಿಂದ ಉಳಿಸಿದೆನೆಂದು ಶಾಂಭವಿ ನಿಜಕ್ಕೂ ನಂಬಿದ್ದರು.

ಮರುದಿನ ಬೆಳಿಗ್ಗೆ ಎಂಟು ಹಮಾಲರು ಸ್ವಾಗತದ ಶಿಲಾಫಲಕ ಹೊತ್ತು ಸಭಾಂಗಣದ ಮೆಟ್ಟಿಲೇರುತ್ತಿದ್ದರು. ಕ್ರೇನು ತಂದರೆ ಹೊಸ ಹಾಸುಗಲ್ಲು ಕೆಟ್ಟೀತೆಂದು ಇವರನ್ನು ಕರೆಸಿದ್ದರು. ಹಮಾಲರ ಕ್ರಮ ಗೊತ್ತಲ್ಲ? ಮುಂದಾಳು ಕರೆ ಕೊಡಬೇಕು, ಉಳಿದವರು ‘ಐಸಾ’ ಅನ್ನಬೇಕು, ಆಗಲೇ ಭಾರ ಏಳುವುದು. ಮುಂದಾಳು ಫಕೀರಪ್ಪ ಕರೆದ. ಏಳು ಕೊರಳು ಓಗೊಟ್ಟವು. ಕಂಬ ಎಣಿಸಿತು. ಎಲ್ಲರೂ ಕುಸಿದರು, ಕಲ್ಲು ಅವರಲ್ಲೊಬ್ಬನಾದ ಯಮನೂರಪ್ಪನ ಎದೆಯ ಮೇಲೆ ಬಿತ್ತು.

ಶಾಂಭವಿ ಓಡಿಬಂದರು. ಅವನಿನ್ನೂ ಬದುಕಿದ್ದ.

“ಎತ್ತಸ್ರೀ ಅಕ್ಕಾರ... ಉಸುರು ಬರವಲ್ದು.”

ಕಂಬದ ಕೀಲಿ ಇದ್ದದ್ದು ಭದ್ರತಾ ಮುಖ್ಯಸ್ಥ ಸಂಕಣ್ಣವರ ಕೈಯಲ್ಲಿ. “ಬಂದ್ ಮಾಡ್ರಿ ಸರ್, ನಿಮ್ಮ ಕಾಲಿಗೆ ಬೀಳ್ತೀನಿ!” ಎಂದರು ಶಾಂಭವಿ.

“ಬೇಲಿ ಆಚೆ ಎರಡು ಸಾವಿರ ಮಂದಿ ನಿಂತಾರ. ಒಬ್ಬ ಹಮಾಲನ ಸಲುವಾಗಿ ಬಂದ್ ಮಾಡಾಕ ಆಗೂದಿಲ್ರಿ. ಬಾಯಿ ಮುಚ್ಕೊಂಡು ಎತ್ತಂತ ಹೇಳ್ರಿ.”

ಶಾಂಭವಿ ಫಕೀರಪ್ಪನ ಕೈ ಹಿಡಿದರು. “ಕಾಕಾ, ನೀವೊಬ್ರ ಒದರ್ರಿ. ಉಳಿದವರು ತುಟಿ ಬಿಚ್ಚಬ್ಯಾಡ್ರಿ.”

ಆರೂ ಜನ ತಲೆಯಾಡಿಸಿ ಕಲ್ಲಿಗೆ ಕೈ ಹಾಕಿದರು. ಫಕೀರಪ್ಪ ಕರೆದ. ಮೂವತ್ತು ವರ್ಷ ಹೊತ್ತ ಮೈಗಳು ಅವು, ಯಾರ ಮಾತು ಕೇಳಬೇಕು? ಕಲ್ಲು ಗೇಣುದ್ದ ಎದ್ದಿತು, ಜೊತೆಗೇ ಆರು ಕೊರಳು ‘ಐಸಾ’ ಎಂದುಬಿಟ್ಟವು. ಅಯ್ಯೋ, ಕಲ್ಲಿನಡಿಯಿಂದ ಯಮನೂರಪ್ಪನೂ ಅಂದ. ಕಲ್ಲು ಮತ್ತೆ ಬಿತ್ತು. ಈ ಸಲ ಅವನು ಏನೂ ಹೇಳಲಿಲ್ಲ.

ಬೇಲಿಯಾಚೆಯ ಜನ ಎಲ್ಲವನ್ನೂ ಕಂಡಿದ್ದರು. ಒಬ್ಬಳು ಚೀರಿದಳು. ಅವಳು ನಿಲ್ಲಿಸಿದ ಮೇಲೆ ಇನ್ನೊಬ್ಬ. ಅವನು ಮುಗಿಸಿದ ಮೇಲೆ ಮತ್ತೊಬ್ಬ.

“ನೋಡ್ರಿ ಮೇಡಂ,” ಸಂಕಣ್ಣವರು ನಕ್ಕರು, “ಒಬ್ಬೊಬ್ಬರ ಒದರಾಕತ್ತಾರ. ಎಷ್ಟು ಲಗೂನ ಕಲತ್ರು!”

ಶಾಂಭವಿಗೆ ಎದೆ ಬಿರಿಯುವಂತೆ ಅಳು ಬಂತು. ಬಾಯಿ ತೆರೆದವರು ಸುತ್ತ ನೋಡಿದರು, ಪಕ್ಕದಲ್ಲಿ ಫಕೀರಪ್ಪ ಅಳುತ್ತಿದ್ದ. ಅವನದು ಮುಗಿಯಲೆಂದು ಕಾದರು.

ಸಭೆ ಮುಗಿದ ಮೇಲೆ ಕಂಬವನ್ನು ಕಿತ್ತರು. ಮತ್ತೆ ನೆಡುವ ಅಗತ್ಯ ಬೀಳಲಿಲ್ಲ. ತಮ್ಮ ತಮ್ಮ ಕೋಣೆಯಲ್ಲಿ, ತಮ್ಮ ತಮ್ಮ ಫೋನು ಹಿಡಿದು, ಒಬ್ಬೊಬ್ಬರೇ ಸಿಟ್ಟಾಗಿ ಒಬ್ಬೊಬ್ಬರೇ ತಣ್ಣಗಾಗುವುದನ್ನು ಜನ ಕಂಬ ಹುಟ್ಟುವುದಕ್ಕೂ ಮೊದಲೇ, ನಮ್ಮ ನಿಮ್ಮ ಕಾಲದಲ್ಲೇ, ರೂಢಿ ಮಾಡಿಕೊಂಡಿದ್ದರಲ್ಲ.