ನೀಲಿ ಕೈಯ ಪ್ರವಾಸಿ

"ಕೈ ಮುಂದಕ್ಕೆ ತೆಗಿ," ಎಂದಳು ಅವಳು.

ಅವನು ತೆಗೆಯಲಿಲ್ಲ. ಬಣ್ಣದ ಮನೆಯ ಬಾಗಿಲಿಗೆ ಒರಗಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿಕೊಂಡು, ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದ ಹುಡುಗನಂತೆ ನಿಂತಿದ್ದ. ಆಳೆತ್ತರದ ಗಂಡಸು ಹಾಗೆ ನಿಂತರೆ ನೋಡಿದವರಿಗೆ ನಗು ಬರಬೇಕಾದದ್ದು ನ್ಯಾಯ. ಅವಳು ಮಾತ್ರ ನಗಲಿಲ್ಲ.

"ತೆಗಿ ಅಂದೆ."

ತೆಗೆದ. ಉಗುರಿನ ಸಂದಿಯಿಂದ ಮೊಣಕೈವರೆಗೂ ಕಡುನೀಲಿ.

ಆ ಮನೆಯ ಕಸುಬು ಬಟ್ಟೆಗೆ ನೀಲಿ ಹಾಕುವುದು. ಹಿಂದುಗಡೆ ತಗಡಿನ ಮಾಡು, ಅದರಡಿ ಕತ್ತಿನವರೆಗೆ ನೆಲದಲ್ಲಿ ಹೂತಿಟ್ಟ ಹಂಡೆಗಳು, ಅದರಾಚೆ ಒದ್ದೆ ಬಟ್ಟೆ ಹರವುವ ಹಗ್ಗಗಳ ಸಾಲು. ಹಂಡೆಯ ನೀಲಿ ಹದಕ್ಕೆ ಬಂದಿದೆಯೇ ಇಲ್ಲವೇ ಎಂಬುದನ್ನು ಬರಿಗೈ ಅದ್ದಿ, ಬೆರಳುಗಳ ನಡುವೆ ಅದರ ಜಾರನ್ನು ತೀಡಿ ನೋಡಿಯೇ ತಿಳಿಯಬೇಕು. ಆದ್ದರಿಂದ ಅವಳ ಕೈ, ಅವಳ ಅಣ್ಣನ ಕೈ, ವಯಸ್ಸಾದ ಸೋದರತ್ತೆಯ ಕೈ ಎಲ್ಲವೂ ಹುಟ್ಟಿನಿಂದಲೇ ಬಂದಂತೆ ನೀಲಿಯಾಗಿದ್ದವು. ಇವನೊಬ್ಬನ ಕೈ ಮಾತ್ರ ಇದುವರೆಗೆ ಬಿಳಿಯಾಗಿತ್ತು. ಬಿಳಿಯಾಗಿಯೇ ಇರುವಂತೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಳು.

ಅವನು ಪರದೇಶದವನು, ಪ್ರವಾಸಿ ವೀಸಾದ ಮೇಲೆ ಬಂದವನು. ನೀಲಿ ಬಟ್ಟೆಗಳ ಫೋಟೊ ತೆಗೆಯಲು ಅಂಗಳಕ್ಕೆ ಕಾಲಿಟ್ಟವನು, ಅವುಗಳ ನಡುವೆ ಅವಳ ಮುಖ ಕಂಡು, ಮುಂದಿನ ಊರಿಗೆ ಹೋಗುವುದನ್ನೇ ಮರೆತಿದ್ದ. ಉಳಿದು ಉಳಿದು ಈ ಮನೆಯ ಮಾತನ್ನೂ ಕಲಿತಿದ್ದ. ಪ್ರವಾಸಿಯಾದವನು ನೋಡಬಹುದು, ಉಣ್ಣಬಹುದು, ಮಲಗಬಹುದು, ಕೆಲಸ ಮಾಡುವಂತಿಲ್ಲ. ಮಾಡಿದ್ದು ತಿಳಿದರೆ ಅವನನ್ನು ಹೊರಗಟ್ಟುತ್ತಾರೆ, ಮಾಡಿಸಿದವರ ಅಂಗಡಿಗೆ ಬೀಗ ಜಡಿಯುತ್ತಾರೆ. ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲವಾದ್ದರಿಂದ ಭುಜದವರೆಗೆ ಬರುವ ರಬ್ಬರ್ ಗ್ಲೌಸನ್ನು ಅವಳೇ ತಂದುಕೊಟ್ಟಿದ್ದಳು. ನಾಳೆ ವೀಸಾ ಕಚೇರಿಯಲ್ಲಿ ಅವನ ವಾಸವನ್ನು ವಿಸ್ತರಿಸುವ ವಿಚಾರಣೆ. ಇವತ್ತು ಈ ಕೈ.

"ಗ್ಲೌಸ್ ಎಲ್ಲಿ?"

"ಹಗ್ಗದ ಮೇಲೆ."

"ಅದನ್ನ ಒಣಹಾಕೋಕೆ ತಂದುಕೊಟ್ಟಿದ್ನಾ?"

"ಗ್ಲೌಸ್ ಹಾಕ್ಕೊಂಡವನು ನೆಂಟ, ನೆಂಟ ಹಂಡೆ ಮುಟ್ಟಬಾರದು ಅಂತ ನಿಮ್ಮಣ್ಣ ಹೇಳಿದ್ರು. ನಾನು ನೆಂಟ ಅಲ್ಲ ಅಂತ ತೋರಿಸ್ದೆ."

"ಎಂಥಾ ದಿನ ನೋಡ್ಕೊಂಡು ತೋರಿಸ್ದೆ. ನಾಳೆ ಅವರಿಗೂ ತೋರ್ಸು. ಚಪ್ಪಾಳೆ ತಟ್ತಾರೆ."

ಅಷ್ಟರಲ್ಲಿ ಅಣ್ಣ ಬಂದ. ತಂಗಿಯ ಮನಸ್ಸನ್ನು ಹೊತ್ತುಕೊಂಡು ಹೋಗಲು ಬಂದ ಈ ಮನುಷ್ಯನನ್ನು ಅವನು ಮೊದಲ ದಿನದಿಂದಲೂ ಬಹುವಚನದಲ್ಲಿಯೇ ದ್ವೇಷಿಸುತ್ತಿದ್ದ.

"ಏನು ಪ್ರವಾಸಿಗಳೆ, ಹೊರಡೋಕೆ ಮುಂಚೆ ಬಣ್ಣ ಹಚ್ಕೊಂಡ್ರಾ? ಬಹಳ ಚೆನ್ನಾಗಿದೆ." ತಂಗಿಯ ಕಡೆ ತಿರುಗಿದಾಗ ದನಿ ಗಡುಸಾಯಿತು. "ನಾಳೆ ಆ ಕಚೇರಿಯೋರು ಇಲ್ಲಿಗೆ ಬಂದು ಬಾಗಿಲಿಗೆ ಬೀಗ ಹಾಕಿದ್ರೆ, ನಿನ್ನ ಪ್ರೀತಿನ ಆ ಹಗ್ಗದ ಮೇಲೆ ನೇತುಹಾಕ್ಕೊಂಡು ಕೂತಿರು."

"ಆಗಲ್ಲ ಹಾಗೆ."

"ಆಗಲಿ ಬಿಡು. ಮನೆ ಹಾಳಾದ್ರೂ ಮನಸ್ಸು ತಣ್ಣಗಿದ್ರೆ ಸಾಕು ನಿನಗೆ."

"ಜಗಳ ಆಮೇಲೆ ಆಡಿ," ಎಂದರು ಒಳಗಿನಿಂದ ಸೋದರತ್ತೆ. "ನಿಂಬೆಹಣ್ಣು ತಗೊಂಡು ಉಜ್ಜೇ ಮೊದ್ಲು. ನಮ್ಮ ನೀಲಿ ನಿಂಬೆಗೆಲ್ಲ ಹೆದರಲ್ಲ, ಆದ್ರೂ ಉಜ್ಜು. ನಿನ್ನ ಸಿಟ್ಟಾದ್ರೂ ಇಳಿದೀತು."

ನಲ್ಲಿಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ, ನಿಂಬೆ, ಉಪ್ಪು, ಒರಟು ಬ್ರಷ್ಷು ಹಿಡಿದು ಅವಳು ತೊಡಗಿದಳು. ಪಾತ್ರೆಯ ತಳ ತಿಕ್ಕುವವರೂ ಅಷ್ಟು ಕರುಣೆಯಿಲ್ಲದೆ ತಿಕ್ಕುವುದಿಲ್ಲ. ಅವನು ಹಲ್ಲು ಕಚ್ಚಿ ಸಹಿಸಿದ. ಅವನ ಅಂಗೈ ಅವಳ ಅಂಗೈಯಲ್ಲಿತ್ತು. ಹಾಗೆ ಹಿಡಿದು ಎಷ್ಟೋ ಕಾಲವಾಗಿತ್ತು. ಅದು ಹೊಳೆದೊಡನೆ ಅವಳು ಇನ್ನೂ ಬಿರುಸಾಗಿ ಉಜ್ಜಿದಳು.

"ಮದುವೆ ಆಗೋಣ ಅಂತ ಹೇಳಿದ್ದೆ," ಎಂದ ಅವನು ಮೆಲ್ಲಗೆ. "ಆಗಿದ್ರೆ ಈ ಕೈ ತೊಳೆಯೋ ಕೆಲಸ ಇರ್ತಿರಲಿಲ್ಲ."

ಬ್ರಷ್ಷು ನಿಂತಿತು.

"ಯಾವತ್ತು ಹೇಳ್ದೆ? ವೀಸಾ ಮುಗೀತಾ ಬಂತು ಅಂತ ಗೊತ್ತಾದ ದಿನ. ಅದಕ್ಕೆ ಮುಂಚೆ ನಾನು ಕಣ್ಣಿಗೆ ಬಿದ್ದಿರಲಿಲ್ವಾ?"

"ಮುಂಚೆ ಕೇಳಿದ್ರೆ ಬೈತಿದ್ದೆ ನೀನು."

"ಆಮೇಲೆ ಕೇಳಿದ್ದಕ್ಕೂ ಬೈದೆ. ಬೈಯದೆ ಏನು ಮಾಡ್ಲಿ? ನಿನಗೆ ಬೇಕಾಗಿರೋದು ಹೆಂಡತಿನೋ, ಪಾಸ್‌ಪೋರ್ಟ್ ಮೇಲೆ ಒತ್ತೋ ಮೊಹರೋ ಅಂತ ನನಗೆ ಗೊತ್ತಾಗೋದು ಹ್ಯಾಗೆ?"

ಅಡ್ಡಗೋಡೆಯ ಮೇಲೆ ದೀಪ ಇಡಲು ಅವನಿಗೆ ಬರುತ್ತಿರಲಿಲ್ಲ. ಆಣೆ ಪ್ರಮಾಣ ಮಾಡಿದರೆ ಅವಳು ನಂಬುವವಳಲ್ಲ. ಆ ಸಂಶಯದ ಬೀಜ ಬಿತ್ತಿದವನು ಅಣ್ಣನೇ ಇರಬಹುದು, ನೀರೆರೆದವಳು ಅವಳೇ. ನಿಂಬೆಯ ಹನಿಯೊಂದು ಸಿಡಿದು ಅವಳ ರೆಪ್ಪೆಯ ಮೇಲೆ ಕೂತಿತ್ತು. ಅವನು ಭುಜವನ್ನು ಮುಂದೆ ಚಾಚಿ, ಅಂಗಿಯ ತೋಳಿನಿಂದ ಅದನ್ನು ಒರೆಸಿದ. ಹನಿ ಹೋದ ಮೇಲೂ ಅವಳು ಕಣ್ಣು ಕೂಡಲೇ ತೆರೆಯಲಿಲ್ಲ.

"ಇನ್ನೊಂದು ಕೈ," ಎಂದಳು, ಕಣ್ಣು ಮುಚ್ಚಿಕೊಂಡೇ.

ಸೋದರತ್ತೆ ಹೇಳಿದ್ದೇ ನಿಜವಾಯಿತು. ಚರ್ಮ ಕೆಂಪಾಯಿತು, ನೀಲಿ ಹಾಗೆಯೇ ಉಳಿಯಿತು.

ಮರುದಿನ ಕಚೇರಿಯ ಸಾಲಿನಲ್ಲಿ ಅವನು ಮಣಿಕಟ್ಟು ದಾಟುವ ಉದ್ದ ತೋಳಿನ ಅಂಗಿ ತೊಟ್ಟು, ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಹುಗಿದು ನಿಂತಿದ್ದ. ಕಾಗದಪತ್ರಗಳೆಲ್ಲ ಅವಳ ಕೈಯಲ್ಲಿದ್ದವು. ಪ್ರವಾಸಿ ವೀಸಾ ವಿಸ್ತರಿಸಬೇಕಾದರೆ ನೋಡುವುದಕ್ಕೆ ಇನ್ನೂ ಏನೋ ಉಳಿದಿರಬೇಕು. ಅದಕ್ಕಾಗಿ ಅವನು ಎಂದೂ ಕಂಡಿರದ, ಕಾಣುವ ಆಸೆಯೂ ಇಲ್ಲದ ಸ್ಥಳಗಳನ್ನು ಆರಿಸಿ, ಅವಳು ಒಂದು ಸುಂದರವಾದ ಪ್ರವಾಸವನ್ನು ಕಟ್ಟಿಕೊಟ್ಟಿದ್ದಳು.

"ಜಲಪಾತದ ಬಗ್ಗೆ ಕೇಳಿದ್ರೆ ಏನಂತೀಯ?"

"ನೀರು ಬೀಳುತ್ತೆ."

"ಕೋಟೆ?"

"ಅದು ಬಿದ್ದಿದೆ."

"ನಗಬೇಡ."

"ನಕ್ಕಿಲ್ಲ."

"ಕಣ್ಣು ನಗ್ತಾ ಇದೆ. ನೆಲ ನೋಡು."

ಅವನು ನೆಲ ನೋಡಿದ; ನೆಲದ ಮೇಲಿದ್ದ ಅವಳ ಪಾದಗಳನ್ನು ನೋಡಿದ; ಮತ್ತೆ ಮುಖಕ್ಕೇ ಬಂದ. ಅವಳು ಕಾಗದದ ಕಟ್ಟನ್ನು ಬೀಸಣಿಗೆ ಮಾಡಿಕೊಂಡು ಆ ನೋಟಕ್ಕೆ ಅಡ್ಡ ಹಿಡಿದಳು.

ಒಳಗಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡಿದ್ದರು. ಯಾರನ್ನಾದರೂ ನಂಬಬೇಕಾಗಿ ಬಂದಾಗ ಅದನ್ನು ಮೂಗಿನ ಮೇಲಿಟ್ಟು, ನಂಬಲಾಗದೆ ಮತ್ತೆ ತೆಗೆಯುತ್ತಿದ್ದರು.

"ಬಂದು ಇಷ್ಟು ಕಾಲ ಆಯ್ತು. ಏನೇನು ನೋಡಿದ್ರಿ?"

"ಅವರಿಗೆ ಮೈ ಸರಿ ಇರಲಿಲ್ಲ ಮೇಡಂ, ಹೆಚ್ಚು ತಿರುಗಾಡಿಲ್ಲ," ಎಂದು ಅವಳು ನಡುವೆ ಬಾಯಿ ಹಾಕಿದಳು. "ಇನ್ಮೇಲೆ ಜಲಪಾತ, ಕೋಟೆ, ಸಮುದ್ರದ ಕಡೆ ದೀಪಸ್ತಂಭ..."

"ನಾನು ಅವರನ್ನ ಕೇಳಿದ್ದು. ನೀವು ಅವರ ಬಾಯಾ?"

"ಅಲ್ಲ."

"ಹಾಗಿದ್ರೆ ಸುಮ್ಮನಿರಿ." ಅಧಿಕಾರಿ ಮೇಜಿನ ಮೇಲಿನ ಗಾಜಿನ ಯಂತ್ರವೊಂದನ್ನು ಅವನ ಕಡೆಗೆ ತಿರುಗಿಸಿದರು. "ಬೆರಳಚ್ಚು ಬೇಕು. ಬಲಗೈ ಇಲ್ಲಿಡಿ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ತೋಳು, ಜೇಬು, ಜ್ವರ, ಜಲಪಾತ ಎಲ್ಲವನ್ನೂ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ಜೀವನದಲ್ಲಿ ಒಮ್ಮೆಯಾದರೂ ಪಾಸ್‌ಪೋರ್ಟ್ ಮಾಡಿಸಿದ್ದರೆ ತಿಳಿಯುತ್ತಿತ್ತು. ಹಂಡೆಗಳನ್ನು ಬಿಟ್ಟು ಎಲ್ಲಿಗೂ ಹೋಗದವಳಿಗೆ ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು?

ಅವನು ಜೇಬಿನಿಂದ ಕೈ ತೆಗೆದು, ಒಂದು ಗಳಿಗೆಯೂ ಹಿಂಜರಿಯದೆ ಗಾಜಿನ ಮೇಲಿಟ್ಟ.

ಅಧಿಕಾರಿ ಕನ್ನಡಕ ಹಾಕಿಕೊಂಡರು. ಆ ಕೈಯನ್ನು ನೋಡಿದರು. ನಿಧಾನವಾಗಿ ದೃಷ್ಟಿ ಸರಿಸಿ, ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದ ಅವಳ ಕೈಗಳನ್ನು ನೋಡಿದರು. ಎರಡು ಜೊತೆ ಕೈಗಳಿಗೂ ಒಂದೇ ಹಂಡೆಯ ಬಣ್ಣ.

"ನಿಮ್ಮಲ್ಲಿ ಕೆಲಸಕ್ಕಿದಾರಾ ಇವರು?"

"ಇಲ್ಲ."

"ಸಂಬಳ ಏನು ಕೊಡ್ತೀರಿ?"

"ಬೈಗುಳ ಕೊಡ್ತಾಳೆ ಮೇಡಂ," ಎಂದ ಅವನು. "ಒಂದು ದಿನವೂ ತಪ್ಪಿಸಿಲ್ಲ."

"ತಮಾಷೆ ಮಾಡೋ ಜಾಗ ಅಲ್ಲ ಇದು." ಅಧಿಕಾರಿಯ ತುಟಿ ಅಲುಗಲಿಲ್ಲ. ಅವರು ಅವಳನ್ನೇ ದಿಟ್ಟಿಸಿದರು. "ಕೆಲಸದವರಲ್ಲ. ಊರು ನೋಡೋಕೆ ಬಂದವರ ಕೈಯಂತೂ ಇದಲ್ಲ. ಮತ್ತೆ, ಇವರು ನಿಮಗೆ ಏನಾಗಬೇಕು?"

ಪ್ರಶ್ನೆ ಸರಳವಾಗಿತ್ತು. ಕೆಲಸದವನೆಂದರೆ ಅಣ್ಣನ ಅಂಗಡಿ ಮುಳುಗುತ್ತದೆ. ಪ್ರವಾಸಿಯೆಂದರೆ ಎದುರಿಗಿರುವ ಕೈಯೇ ಅಲ್ಲವೆನ್ನುತ್ತದೆ. ಉಳಿದ ಮಾತೊಂದಿತ್ತು, ಅದನ್ನು ಅವಳು ಅಣ್ಣನಿಗೆ ಹೇಳಿರಲಿಲ್ಲ, ಅತ್ತೆಗೆ ಹೇಳಿರಲಿಲ್ಲ, ಕೇಳಬೇಕಾದವನಿಗಂತೂ ಹೇಳಿಯೇ ಇರಲಿಲ್ಲ. ನುಂಗಲಾರದ, ಉಗುಳಲಾರದ ಬಿಸಿತುಪ್ಪದಂತೆ ಅದನ್ನು ಬಾಯಲ್ಲಿಟ್ಟುಕೊಂಡೇ ಇಷ್ಟು ಕಾಲ ಜಗಳವಾಡಿದ್ದಳು.

"ನನ್ನವನು," ಎಂದಳು. ಕಪಾಳಕ್ಕೆ ಹೊಡೆದಂತಿತ್ತು ಆ ದನಿ.

ಗಾಜಿನ ಮೇಲಿದ್ದ ಅವನ ಬೆರಳುಗಳು ಒಮ್ಮೆ ಮಡಿಸಿಕೊಂಡವು.

ಅಧಿಕಾರಿ ಅವನ ಕಡೆ ತಿರುಗಿದರು. "ವಿಸ್ತರಣೆ ಕೊಟ್ಟೆ ಅಂತಿಟ್ಕೊಳ್ಳಿ. ಅದು ಮುಗಿದ ಮೇಲೆ ಹೊರಡೋ ಮನಸ್ಸಿದೆಯಾ?"

ಅವಳು ಮೇಜಿನ ಕೆಳಗೆ ಅವನ ಪಾದವನ್ನು ಬಲವಾಗಿ ತುಳಿದಳು.

"ಇಲ್ಲ," ಎಂದ ಅವನು.

"ಹಾಗಿದ್ರೆ ನೀವು ಪ್ರವಾಸಿ ಅಲ್ಲ. ವಾಪಸ್ ಹೋಗೋ ಮನಸ್ಸಿರೋನು ಪ್ರವಾಸಿ." ಅಧಿಕಾರಿ ಕನ್ನಡಕ ತೆಗೆದು ಕಾಗದಗಳನ್ನು ಅವಳ ಮುಂದೆ ಸರಿಸಿದರು. "ಆಗಲ್ಲ. ಅವಧಿ ಮುಗಿಯೋದರೊಳಗೆ ಹೊರಡಲಿ. ಮುಂದೆ ಬರೋದಾದ್ರೆ ಅದಕ್ಕೆ ತಕ್ಕ ವೀಸಾದಲ್ಲಿ ಬರಲಿ. ಕೈ ವಿಷಯ ನಾನು ಬರೆಯಲ್ಲ. ಅಷ್ಟೇ ನನ್ನಿಂದ ಆಗೋದು. ಮುಂದಿನವರನ್ನ ಕಳಿಸಿ."

ಹೊರಗಿನ ಪಡಸಾಲೆಯಲ್ಲಿ ಉದ್ದನೆಯ ಬೆಂಚೊಂದಿತ್ತು. ಅವಳು ಒಂದು ತುದಿಯಲ್ಲಿ ಕೂತಳು. ಅವನು ಇನ್ನೊಂದು ತುದಿಯಲ್ಲಿ.

"ಇದೆ ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?" ಎಂದು ಸಿಡಿದಳು. "ಕಾಲು ತುಳಿದ್ನಲ್ಲ, ಕಾಲಿಗೂ ಬುದ್ಧಿ ಇಲ್ವಾ ನಿನಗೆ?"

"ಕಾಲಿಗೆ ಗೊತ್ತಾಯ್ತು. ಆದ್ರೆ ಅದಕ್ಕೆ ಮುಂಚೆ ನೀನೊಂದು ಮಾತು ಹೇಳಿದ್ಯಲ್ಲ. ಅದನ್ನ ಕೇಳಿದ ಮೇಲೆ ಹೋಗ್ತೀನಿ ಅಂತ ಹ್ಯಾಗೆ ಹೇಳ್ಲಿ?"

"ಯಾವ ಮಾತು?"

"ಇನ್ನೊಂದ್ಸಲ ಹೇಳು, ಅದೇ ಅಂತ ತೋರಿಸ್ತೀನಿ."

"ಹಾಳಾಗಿ ಹೋಗು."

"ಹೋಗು ಅಂತ ಅವರೂ ಹೇಳಿದ್ರು."

ಆಗ ಅವಳಿಗೆ ಅಳು ಬಂತು. ಸದ್ದಿಲ್ಲದೆ, ಕೋಪದಿಂದ, ಮುಖ ತಿರುಗಿಸಿಕೊಂಡು ಅತ್ತಳು. ಅವನು ಸರಿಯುತ್ತ ಸರಿಯುತ್ತ ಬೆಂಚಿನ ಅರ್ಧದವರೆಗೆ ಬಂದು ನಿಂತ. ಉಳಿದರ್ಧ ಅವಳದೆಂಬಂತೆ ಅದನ್ನು ದಾಟಲಿಲ್ಲ.

"ಈಗ ಕೇಳ್ಲಾ?" ಎಂದ. "ಈಗ ವೀಸಾನೂ ಇಲ್ಲ, ಏನೂ ಇಲ್ಲ."

"ಕೇಳ್ಬೇಡ. ಇಲ್ಲಿ ಎಷ್ಟು ಸಲ ಕೇಳಿದ್ರೂ ಮೊಹರು ನಮ್ಮಿಬ್ಬರ ಮಧ್ಯ ಬಂದು ಕೂರುತ್ತೆ. ಸಾಯೋವರೆಗೂ ನಾನು ಅದನ್ನೇ ನೋಡ್ತಿರ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

"ಮತ್ತೆಲ್ಲಿ ಕೇಳ್ಲಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಎದುರಿನ ಗೋಡೆಯ ಕಡೆ ತಿರುಗಿದಳು. ಆಮೇಲೆ, ಗೋಡೆಗೆ ಹೇಳುವಂತೆ ಹೇಳಿದಳು.

"ನಿಮ್ಮೂರಲ್ಲಿ. ಅಲ್ಲಿ ಉಳಿಯೋಕೆ ನಿನಗೆ ನನ್ನಿಂದ ಏನೂ ಬೇಕಾಗಿಲ್ಲ. ಅಲ್ಲಿ ಕೇಳಿದ್ರೆ ನಂಬ್ತೀನಿ."

ಅವನು ತಟ್ಟನೆ ಅವಳ ಕಡೆ ತಿರುಗಿದ. ಪಕ್ಕದ ಬೀದಿಯ ನೆಂಟರ ಮನೆಗೂ ರಾತ್ರಿ ತಂಗಲು ಹೋಗದವಳು ಇವಳು. ಅವಳ ಫೋನು ರಿಂಗಾಯಿತು; ಅಣ್ಣನದು.

"ಏನಾಯ್ತು?"

"ಆಗ್ಲಿಲ್ಲ."

ಆ ಕಡೆ ಒಂದು ಉಸಿರು ಕೇಳಿಸಿತು. "ಒಳ್ಳೇದಾಯ್ತು. ಪೀಡೆ ಕಳೀತು."

"ನಾನೂ ಹೋಗ್ತೀನಿ ಅಣ್ಣ."

"ಎಲ್ಲಿಗೆ? ತಲೆ ಕೆಟ್ಟಿದೆಯಾ? ನೀನು ಹೋದ್ರೆ ನಾನು..." ಅಣ್ಣನ ದನಿ ನಡುವೆಯೇ ಮುರಿಯಿತು. ಅಷ್ಟು ದಿನದ ಹಗೆಯ ಬೇರು ಎಲ್ಲಿತ್ತೆಂಬುದು ಅವಳಿಗೆ ಆ ಮುರಿದ ಮಾತಿನಲ್ಲಿ ಕಂಡಿತು.

"ಬಂದು ಮಾತಾಡ್ತೀನಿ. ಅತ್ತೆಗೆ ಊಟ ಹಾಕು," ಎಂದು ಫೋನಿಟ್ಟಳು.

ಪಾಸ್‌ಪೋರ್ಟ್ ವಿಭಾಗ ಅದೇ ಕಟ್ಟಡದ ಇನ್ನೊಂದು ಮಗ್ಗುಲಲ್ಲಿತ್ತು. ಅಲ್ಲಿಯೂ ಸಾಲು, ಅಲ್ಲಿಯೂ ಕಬ್ಬಿಣದ ಕಟಾಂಜನ. ಅವಳು ಕೊನೆಯಲ್ಲಿ ನಿಂತಳು. ಅವನು ಹಿಂದೆ ನಿಲ್ಲಹೋದ.

"ಅರ್ಜಿ ಹಾಕೋರು ಮಾತ್ರ ಸಾಲಲ್ಲಿ," ಎಂದ ಕಾವಲುಗಾರ. "ನೀವು ಆಚೆ ಹೋಗಿ."

ಅವನು ಕಟಾಂಜನದ ಆಚೆಗೆ ಹೋಗಿ, ಅವಳಿಗೆ ಸರಿಯಾಗಿ ಎದುರು ನಿಂತ.

"ನಮ್ಮನೇಲಿ ಅಕ್ಕ ಇದಾಳೆ," ಎಂದ. "ಬಾಯಿ ಜೋರು. ನಮ್ಮ ದೇಶದಲ್ಲಿ ಉಳಿಯೋಕೇ ಇವಳು ನಿನ್ನ ಹಿಂದೆ ಬಿದ್ದಿರೋದು ಅಂತ ಎಲ್ಲರೆದುರಿಗೆ ಅಂತಾಳೆ."

"ಅನ್ನಲಿ. ಇಷ್ಟು ದಿನ ನಾನು ನಿನಗೆ ಅಂದಿಲ್ವಾ? ನನಗೂ ಯಾರಾದ್ರೂ ಅನ್ನಬೇಕು."

"ಕೋಪ ಬರಲ್ವಾ?"

"ಬರುತ್ತೆ. ಬಂದಾಗ ನಿನ್ನ ಮೇಲೆ ತೀರಿಸ್ಕೋತೀನಿ. ಇನ್ಯಾರಿದಾರೆ ಅಲ್ಲಿ ನನಗೆ?"

ಅವಳು ಹಾಗೆಂದದ್ದು ಮುಖ ಗಂಟಿಕ್ಕಿಕೊಂಡೇ. ಆದರೆ ಅವಳ ನೀಲಿ ಬೆರಳುಗಳು ಕಂಬಿಗಳ ನಡುವೆ ತೂರಿ ಆಚೆಗೆ ಹೋಗಿದ್ದವು. ಅವನು ಅವುಗಳನ್ನು ಹಿಡಿದುಕೊಂಡಾಗ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಕಂಬಿಯೊಂದು ಅಡ್ಡ ಬಂತು. ಕೈ ಬಿಟ್ಟು, ಇಬ್ಬರೂ ಒಂದು ಹೆಜ್ಜೆ ಸರಿದು, ಮತ್ತೆ ಹಿಡಿದುಕೊಂಡರು.