ಕಾಸೀಮಬೀಗೆ ಹೇಳಿದ ಸುಳ್ಳು

"ಆ ಗುಂಡು ಮುಚ್ಚಿಡು. ಮೊದ್ಲು ನನ್ನ ಮುಖ ನೋಡಿ ಮಾತಾಡು."

ಕುಷ್ಟಗಿ ಸಂತೆಯಲ್ಲಿ ಬೇವಿನ ಮರದ ಕೆಳಗೆ ಕೂತಿದ್ದ ಶಾಹಜಾದಬಿ ಬೆಚ್ಚಿ ತಲೆ ಎತ್ತಿದಳು. ಎದುರಿಗೆ ಪೇಟೆಯ ದರ್ಜಿ ಹೈದರಸಾಬ ನಿಂತಿದ್ದ. ಅವನ ಕಣ್ಣು ಕೆಂಪಾಗಿದ್ದವು.

ಅದು ೧೯೪೪ನೇ ಇಸವಿ. ಅವಳ ಮುಂದೆ ಕರಿ ಬಟ್ಟೆಯ ಮೇಲೆ ಗಾಜಿನ ಗುಂಡು. ಅಪ್ಪ ಜಿಲಾನಸಾಬ ಇಪ್ಪತ್ತು ವರ್ಷ ಅದರೊಳಗೆ ನೋಡಿ ಭವಿಷ್ಯ ಹೇಳಿದವನು. ಅವನ ಕಣ್ಣು ಹೋದ ಮೇಲೆ ಮಗಳು ಆ ಜಾಗದಲ್ಲಿ ಕೂತಿದ್ದಳು.

"ಏನಾತ್ರಿ?"

"ಬರ್ಮಾ ಯುದ್ಧಕ್ಕ ಹೋದ ನಮ್ಮಣ್ಣ ಅಮೀನಸಾಬ ರಮಜಾನಕ್ಕ ಬರ್ತಾನ ಅಂತ ನಮ್ಮಮ್ಮಗ ಹೇಳಿಯಂತ. ಅಕಿ ದಿನಾ ಅವನ ತಾಟು ಹಾಕ್ತಾಳ." ಅವನ ದನಿ ಕುಗ್ಗಿತು. "ಅಣ್ಣ ತೀರಿಕೊಂಡ ಅಂತ ತಾರು ಬಂದು ತಿಂಗಳಾತು. ಅಕಿಗೆ ಹೆಂಗ ಹೇಳ್ಲಿ ನಾ?"

ಶಾಹಜಾದಬಿ ಕರಿ ಬಟ್ಟೆಯನ್ನು ಗುಂಡಿನ ಮೇಲೆ ಮಡಚಿದಳು. ಪ್ರತಿ ಸಂತೆಗೂ ಬಂದು ಪಕ್ಕದಲ್ಲಿ ಕೂರುವ ಇವನ ತಾಯಿ ಕಾಸೀಮಬೀ... 'ಬರ್ತಾನಲ್ಲ, ಬೇಟಿ?' ಎಂದು ಕೇಳಿದ ಆ ಮುಖಕ್ಕೆ ಇಲ್ಲ ಎನ್ನಲಾಗದೆ ಅವಳು ತಲೆಯಾಡಿಸಿದ್ದಳು. ಗುಂಡಿನಲ್ಲಿ ಅವಳಿಗೆ ಎಂದೂ ಏನೂ ಕಂಡಿರಲಿಲ್ಲ.

"ನಡೀರಿ. ಸುಳ್ಳು ಹೇಳ್ದೆ ಅಂತ ನಾನ ಬಂದು ಹೇಳ್ತೀನಿ."

ಅಲ್ಲೇ ಮರಕ್ಕೆ ಒರಗಿ ಕೂತಿದ್ದ ಜಿಲಾನಸಾಬ ಮಗಳ ಕೈ ಹುಡುಕಿ ಹಿಡಿದ. "ಊರಿಗೆ ಗೊತ್ತಾದ್ರ ಇನ್ನ ಯಾರೂ ಕೇಳಾಕ ಬರಂಗಿಲ್ಲ, ಬೇಟಿ."

"ಬರದಿದ್ರ ಬ್ಯಾಡ ಅಬ್ಬಾ. ಕೌದಿ ಹೊಲಿತೀನಿ."

ಜಗಳಕ್ಕೆ ಬಂದಿದ್ದ ಹೈದರಸಾಬ ಅವಳನ್ನೇ ನೋಡಿದ. 'ಎಂಥಾಕಿ ಇಕಿ...' ಎಂದುಕೊಂಡ.

ಮನೆಯಲ್ಲಿ ಕಾಸೀಮಬೀ ಜೋಳ ಹಸನು ಮಾಡುತ್ತಿದ್ದಳು. ಶಾಹಜಾದಬಿ ಅವಳ ಮುಂದೆ ಕುಕ್ಕರಿಸಿ ಕೂತಳು.

"ಖಾಲಾ, ಗುಂಡಿನ್ಯಾಗ ನನಗ ಏನೂ ಕಾಣಂಗಿಲ್ಲ. ನಾ ಹೇಳಿದ್ದು ಸುಳ್ಳು. ನಿಮ್ಮ ಅಮೀನಸಾಬ..."

ಕಾಸೀಮಬೀಯ ಕೈ ಮೊರದ ಮೇಲೆ ನಿಂತುಬಿಟ್ಟಿತು.

"ನನಗ ಗೊತ್ತೈತಿ," ಎಂದಳು ಆಕೆ ಮೆಲ್ಲಗೆ. "ತಾರು ಬಂದ ದಿನ ಇವ ಮಷೀನಿನ ಮುಂದ ಕುಂತು ಒಂದು ಹೊಲಿಗಿನೂ ಹಾಕ್ಲಿಲ್ಲ. ಆವತ್ತ ತಿಳೀತು. ನನಗ ಗೊತ್ತಾಗಬಾರ್ದು ಅಂತ ಒಬ್ಬನ ಅಳ್ತಿದ್ದ. ಅದಕ್ಕ ನಾನೂ ಗೊತ್ತಿಲ್ಲದಂಗ ತಾಟು ಹಾಕ್ತಿದ್ದೆ."

"ಮತ್ತ ಸಂತಿಗೆ ಯಾಕ ಹೋಗ್ತಿದ್ದಿ ಅಮ್ಮಾ?" ಹೈದರಸಾಬ ತಾಯಿಯ ಪಕ್ಕ ಕೂತ.

"ಇಕಿ ನನ್ನ ಕೈ ಹಿಡಕೊಂಡು ಅಮೀನನ ಮಾತು ಕೇಳ್ತಿದ್ಲು. ಮನಿಯಾಗ ಅವನ ಹೆಸರು ತೆಗದ್ರ ನೀ ಎದ್ದು ಹೋಗ್ತಿದ್ದಿ."

ಅವನು ತಾಯಿಯ ಮಡಿಲಲ್ಲಿ ತಲೆಯಿಟ್ಟ. ಇಬ್ಬರೂ ಮೊದಲ ಬಾರಿ ಕೂಡಿ ಅತ್ತರು. ಶಾಹಜಾದಬಿ ಸದ್ದಿಲ್ಲದೆ ಒಲೆ ಹಚ್ಚಿ ರೊಟ್ಟಿ ಬಡಿದಿಟ್ಟು ಮನೆಗೆ ನಡೆದಳು.

ಮುಂದಿನ ಸಂತೆಯಿಂದ ಅವಳು ಬೇವಿನ ಮರದ ಕೆಳಗೆ ಕೂರಲಿಲ್ಲ. ಕೌದಿ ಹೊಲಿಯತೊಡಗಿದಳು. ಅಂಗಡಿಯಲ್ಲಿ ಉಳಿದ ಬಟ್ಟೆಯ ತುಂಡುಗಳನ್ನು ಹೈದರಸಾಬ ವಾರವಾರ ತಂದುಕೊಟ್ಟ. ಮೊದಮೊದಲು ಹೊಸ್ತಿಲಲ್ಲೇ ಕೊಟ್ಟು ಹೋಗುತ್ತಿದ್ದವನು ಆಮೇಲೆ ಕಟ್ಟೆಯ ಮೇಲೆ ಕೂತು ಜಿಲಾನಸಾಬನ ಜೊತೆ ಹರಟತೊಡಗಿದ. ಅವನು ಬರುವ ದಿನ ಅವಳ ಸೂಜಿ ಬೆರಳಿಗೆ ಚುಚ್ಚುವುದು ಹೆಚ್ಚಾಯಿತು.

ರಮಜಾನ್ ಮುಗಿದ ವಾರ ಅವನು ಬರಿಗೈಯಲ್ಲಿ ಬಂದ.

"ಆವತ್ತ ಸಂತ್ಯಾಗ ಭಾಳ ಬಿರುಸು ಮಾತಾಡಿದೆ. ಮನಸಿನ್ಯಾಗ ಇಟ್ಕೋಬ್ಯಾಡ."

"ನೀವು ಬರದಿದ್ರ ನಾ ಇನ್ನೂ ಸುಳ್ಳು ಹೇಳ್ಕೋತ ಕುಂದರತಿದ್ದೆ."

ಅವನು ಟೋಪಿ ಸರಿಮಾಡಿಕೊಂಡ. "ಶಾಹಜಾದಿ... ನನ್ನ ನಿಕಾ ಆಗ್ತಿ?"

ಅವಳ ಕಣ್ಣು ತುಂಬಿದವು. ಎಷ್ಟು ದಿನದಿಂದ ಕಾದ ಮಾತು! ಆದರೂ ಒಳಗೆ ಕೂತ ಅಪ್ಪನತ್ತ ನೋಡಿದಳು.

"ಅಬ್ಬಾನ ಬಿಟ್ಟು ನಾ ಎಲ್ಲಿಗೂ ಬರಂಗಿಲ್ರಿ."

"ಅಮ್ಮ ನಮ್ಮ ಪಡಸಾಲ್ಯಾಗ ಅವರ ಮಂಚ ಹಾಕಿಸ್ಯಾಳ."

"ನಾ ಹೂಂ ಅನ್ನೂಕಿಂತ ಮೊದಲ?"

"ನಾ ಕೇಳಿದ್ದ ತಡಾ ಆತು ಅಂತ ಬೈದು ಕಳಿಸ್ಯಾಳ."

ಶಾಹಜಾದಬಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಹಂಗಾದ್ರ ಹೂಂ ಅಂದೆ ಅಂತ ಲಗೂನ ಹೋಗಿ ಹೇಳ್ರಿ."