ನಿಂತ ಬಸ್ಸಿನ ಮರೆ

ನಾಲ್ಕು ಜನರೆದುರು ಬಾಯಿ ತೆರೆದರೆ ನನ್ನ ಧ್ವನಿ ಹೊರಬರುವುದೇ ಇಲ್ಲವೇನೋ...

ತಲ್ಲೂರಿನ ಶಾಲೆಯಲ್ಲಿ ಮಕ್ಕಳು ರಸ್ತೆ ದಾಟುವ ಜಾಗದ ಬಗ್ಗೆ ಸಭೆ ಸೇರಿದಾಗಲೂ ವಿಜೇತಾಳಿಗೆ ಅದೇ ಚಿಂತೆ. ಡಿಗ್ರಿ ಮುಗಿಸಿ ಇಲ್ಲೇ ಪಾಠ ಹೇಳುತ್ತಿದ್ದರೂ, ಮನಸ್ಸಿನ ಮಾತೆಲ್ಲ ಅವಳ ಡೈರಿಗೆ ಮಾತ್ರ.

ಅಷ್ಟರಲ್ಲಿ ರೋಹಿತ್ ಒಳಗೆ ಬಂದ. ಹೆದ್ದಾರಿ ಅಗಲ ಮಾಡುವ ಕಂಪನಿಯ ಇಂಜಿನಿಯರ್, ಬ್ರಹ್ಮಾವರದವನು. ಅವನ ಕಣ್ಣು ಅವಳನ್ನೇ ಹುಡುಕಿತು. ಅವಳು ತಲೆ ತಗ್ಗಿಸಿದಳು.

ಮೊದಲ ಸಲ ಕಂಡಾಗ ಅವನ ರಸ್ತೆ ಅಳೆಯುವ ಮೂರು ಕಾಲಿನ ಸ್ಟ್ಯಾಂಡು ಮಕ್ಕಳ ಸೈಕಲ್ಲಿಗೆ ಅಡ್ಡ ನಿಂತಿತ್ತು. ಅವಳು ಮಾತಿಲ್ಲದೆ ಅದನ್ನು ಎತ್ತಿ ಬದಿಗೆ ನಡೆದಿದ್ದಳು.

"ಹ್ವಾಯ್, ಅದನ್ ಎಲ್ಲಿಗ್ ತಕಂಡ್ ಹೋತ್ರಿ?"

"ಇದ್ ಮಕ್ಳ್ ಹೋಪು ದಾರಿ."

"ಹಾಂಗಾರೆ ನೀವೇ ತೋರ್ಸಿ, ಮಕ್ಳ್ ಎಲ್ಲೆಲ್ಲಿ ಹೋತ್ರ್ ಅಂದೇಳಿ."

ಅಂದಿನಿಂದ ಬೆಳಿಗ್ಗೆ ಮಕ್ಕಳನ್ನು ಕರೆತರುವ ಅವಳೊಂದಿಗೆ ಅವನೂ ನಡೆದ. ಗೇಟಿನ ಎದುರಿನ ಸ್ಟಾಪಿನಲ್ಲಿ ಇಳಿದ ಮಕ್ಕಳು ಬಸ್ಸಿನ ಮುಂದಿನಿಂದಲೇ ಓಡುತ್ತಿದ್ದರು. ಟೈಮಿಗಾಗಿ ಹಾರಿ ಬರುವ ಹಿಂದಿನ ಬಸ್ಸಿಗೆ ಅವರು ಕಾಣುತ್ತಲೇ ಇರಲಿಲ್ಲ. ದಾಟುವ ಜಾಗ ಸ್ಟಾಪಿನಿಂದ ಆಚೆ, ಪಾಂಡುವಿನ ಹೋಟೆಲ್ ಹತ್ತಿರ ಇರಲಿ ಎಂದವಳು ಅವಳೇ.

ಆದರೆ ಒಂದು ಸಂಜೆ ಅದೇ ಹೋಟೆಲಿನಲ್ಲಿ ಅವನು ಪಾಂಡುವಿನ ಜೊತೆ ಚಾ ಕುಡಿಯುತ್ತಿದ್ದುದನ್ನು ಕಂಡಳು. ‘ನನ್ನ ಮಾತು ಕೇಳಿದ್ದು ಮಕ್ಕಳಿಗಾಗಿಯೋ, ಪಾಂಡುವಿನ ವ್ಯಾಪಾರಕ್ಕಾಗಿಯೋ...’ ಅವತ್ತೇ ಮಾತು ಬಿಟ್ಟಳು.

ಇವತ್ತು ಮಧ್ಯಾಹ್ನ ಮೀನಿನ ಬುಟ್ಟಿ ಇಳಿಸುತ್ತ ಅಮ್ಮ ಸುಗಂಧಿ ನಕ್ಕಿದ್ದಳು. "ಪಾಂಡು ಬೈತಾ ಇದ್ದ ಮಗಾ. ಮಕ್ಳ್ ದಾಟು ಜಾಗ, ಹೋಟ್ಲ್ ಎದ್ರ್ ಲಾರಿ ನಿಲ್ಸುಕಾಗ ಅಂದ ಅಂಬ್ರ್ ಆ ಇಂಜಿನಿಯರ್. ಚಾ ಕೊಟ್ರೂ ಕರಗ್ಲಿಲ್ಲ ಅಂಬ್ರ್." ತಾನು ಅವನನ್ನು ತಪ್ಪು ತಿಳಿದಿದ್ದೆನೆಂದು ವಿಜೇತಾಳಿಗೆ ಆಗಲೇ ಹೊಳೆದದ್ದು.

ಈಗ ಸಭೆಯಲ್ಲಿ ಊರ ಹಿರಿಯ ಮಂಜಯ್ಯ ಎದ್ದರು.

"ಶಾಲೆ ಇಪ್ದ್ ಇಲ್ಲಿ, ದಾಟುದ್ ಹೋಟ್ಲ್ ಎದ್ರ್. ಪಾಂಡು ಎಷ್ಟ್ ಗೋಳಿಬಜೆ ತಿನ್ಸಿದ ಮರಾಯ್ರೆ?"

ಎಲ್ಲರೂ ನಕ್ಕರು.

"ಗೇಟ್ ಎದ್ರೇ ಬೇಕ್. ಇಲ್ದಿದ್ರೆ ನಿಮ್ಮ ಮೇಲೆ ಕಂಪನಿಗೆ ದೂರ್ ಕೊಡುದೇ."

ರೋಹಿತ್ ಅವಳತ್ತ ನೋಡಲೇ ಇಲ್ಲ. ಅವಳ ಹೆಸರೆತ್ತಿದರೆ ಊರು ಬೇರೆ ಕಥೆ ಕಟ್ಟುತ್ತದೆಂದು ಅವನಿಗೆ ಗೊತ್ತಿತ್ತು.

"ನನ್ನ ಮೇಲೆ ದೂರ್ ಕೊಡಿ. ಆದ್ರೆ ಜಾಗ ಬದಲ್ಸ್‌ಬೇಡಿ."

ತಾನು ಯಾವಾಗ ಎದ್ದು ನಿಂತಳೋ ವಿಜೇತಾಳಿಗೇ ತಿಳಿಯಲಿಲ್ಲ.

"ಜಾಗ ತೋರ್ಸಿದ್ದ್ ನಾನ್... ನಿಂತ ಬಸ್ಸಿನ ಮರೆಗೆ ಮಕ್ಳ್ ಕಾಣ್ತಿಲ್ಲೆ. ನಾಳೆ ಬೆಳಿಗ್ಗೆ ನೀವೇ ನಿಂತ್ ಕಾಣಿ, ಅಜ್ಜ."

ನಗು ನಿಂತಿತು. ದಿನವೂ ಬಸ್ಸಿಳಿದು ಓಡುವ ಮೊಮ್ಮಗಳು ಮಂಜಯ್ಯನವರಿಗೆ ನೆನಪಾಗಿರಬೇಕು. ಮೆಲ್ಲಗೆ ಕುಳಿತರು.

"ಆಯ್ತ್, ನಾಳೆ ಬತ್ತೆ. ಕಂಡೇ ತೀರ್ಮಾನ ಮಾಡುವ." ಮತ್ತೆ ಕಣ್ಣು ಕಿರಿದು ಮಾಡಿದರು. "ಅಲ್ದಾ ಹೆಣ್ಣೇ, ದಿನಾ ಇವ್ರೊಟ್ಟಿಗೆ ನಡ್ದದ್ ಬರೀ ಮಕ್ಳಿಗಾ?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಇಡೀ ಊರೇ ಕಿವಿಯಾಗಿತ್ತು.

"ಹೌದ್ ಅಂದ್ಬಿಡಿ," ರೋಹಿತ್ ಅವಳಿಗಷ್ಟೇ ಕೇಳುವಂತೆ ಹೇಳಿದ.

"ಸುಳ್ಳಾತ್ತ್," ಅಂದಳು. ಇಷ್ಟು ದಿನಗಳ ನಂತರ ಅವನ ಮುಖ ನೋಡಿದಳು. ಮತ್ತೆ ಎಲ್ಲರಿಗೂ ಕೇಳುವಂತೆ ಮಂಜಯ್ಯನವರಿಗೆ ಹೇಳಿದಳು.

"ಮೊದ್ಲ್ ಮಕ್ಳಿಗೆ... ಮತ್ತೆ, ನಂಗೇ ಬೇಕಿತ್ತ್."